ಗಾಳಿಯ ಮೊರೆತದಲ್ಲಿ ಪ್ರೊಪೆಲರಿನ ದನಿ

1955ರಲ್ಲಿ ಅಮೆರಿಕದ ಎಡ್ವರ್ಡ್ಸ್ ವಾಯುನೆಲೆಯಲ್ಲಿ ಎಕ್ಸ್‌ಎಫ್-84ಎಚ್ ಎಂಬ ಪ್ರಯೋಗ ವಿಮಾನವೊಂದು ಹಾರಿತು. ಅದರ ಪ್ರೊಪೆಲರಿನ ಅಲಗುಗಳ ತುದಿಗಳು ಶಬ್ದಕ್ಕಿಂತಲೂ ವೇಗವಾಗಿ ಸುತ್ತುತ್ತಿದ್ದುವು. ಆ ಅಬ್ಬರಕ್ಕೆ ನೆಲದ ಮೇಲಿದ್ದ ಕೆಲಸಗಾರರಿಗೆ ವಾಕರಿಕೆ ಬರುತ್ತಿತ್ತಂತೆ. ವಿಮಾನ ಬಳಕೆಗೆ ಬರಲೇ ಇಲ್ಲ.

ವಿಮಾನವನ್ನು ಕಟ್ಟುವ ಮೊದಲೇ ಪ್ರೊಪೆಲರಿನ ಪುಟ್ಟ ಮಾದರಿಯನ್ನು ಗಾಳಿಸುರಂಗದಲ್ಲಿ ತಿರುಗಿಸಿ ಆಲಿಸಬಹುದಷ್ಟೆ. ಆದರೆ ಗಾಳಿಸುರಂಗವೇ ಮೊರೆಯುವ ಯಂತ್ರವಲ್ಲವೇ? ಅದರೊಳಗೆ ಪ್ರೊಪೆಲರಿನ ದನಿಯನ್ನು ಗುರುತಿಸುವುದು ಹೇಗೆ?

ಅಲಗು ಎಂದರೆ ತಿರುಗುವ ರೆಕ್ಕೆ. ಅದರ ಒಂದು ಮುಖದಲ್ಲಿ ಗಾಳಿಯ ಒತ್ತಡ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ವಿಮಾನವನ್ನು ಮುಂದಕ್ಕೆ ನೂಕುವುದು ಈ ವ್ಯತ್ಯಾಸವೇ; ಅಲಗಿನೊಡನೆ ಸುತ್ತುತ್ತ ನಮ್ಮ ಕಿವಿಯನ್ನು ಬಡಿಯುವುದೂ ಅದೇ. ನಾಲ್ಕು ಅಲಗುಗಳ ಪ್ರೊಪೆಲರು ಸೆಕೆಂಡಿಗೆ 20 ಸುತ್ತು ತಿರುಗಿದರೆ 80 ಬಡಿತಗಳು. ವ್ಯಾಸ 4 ಮೀಟರಾದರೆ ತುದಿಯ ವೇಗ ಸೆಕೆಂಡಿಗೆ ಸುಮಾರು 250 ಮೀಟರು, ಶಬ್ದದ್ದು 340. ಆ ಎಲ್ಲೆಯನ್ನು ಸಮೀಪಿಸಿದಷ್ಟೂ ಗದ್ದಲ ಏರುತ್ತದೆ. ನಿಧಾನವಾಗಿ ತಿರುಗಿಸಿದರೆ ಸದ್ದು ತಗ್ಗುತ್ತದೆ, ನಿಜ. ಆದರೆ ನೂಕುಬಲವೂ ತಗ್ಗುತ್ತದೆ. ಅದನ್ನು ತುಂಬಲು ಅಲಗುಗಳನ್ನು ಹೆಚ್ಚಿಸಬೇಕು. ಆದ್ದರಿಂದಲೇ ಸುರಂಗದಲ್ಲಿ ಸದ್ದಿನ ಜೊತೆಗೆ ನೂಕುಬಲವನ್ನೂ ಅಳೆಯುತ್ತಾರೆ.

ಈಗ ಮಾದರಿಯನ್ನು ಐದನೆಯ ಒಂದು ಅಳತೆಗೆ ಇಳಿಸೋಣ. ತುದಿಯ ವೇಗ ಮೊದಲಿನಷ್ಟೇ ಇರಬೇಕಾದರೆ ಅದು ಸೆಕೆಂಡಿಗೆ 100 ಸುತ್ತು ತಿರುಗಬೇಕು. ಬಡಿತಗಳು 400 ಆಗುತ್ತವೆ. ಇದರಿಂದ ಒಂದು ಲಾಭವುಂಟು. ಗೋಡೆಗಳಿಂದ ಮಾರ್ದನಿ ಬಾರದಂತೆ ಅವಕ್ಕೆ ಸ್ಪಂಜಿನಂಥ ಬೆಣೆಗಳನ್ನು ಹೊದಿಸುತ್ತಾರೆ. ಬೆಣೆಯ ಉದ್ದ ಶಬ್ದದಲೆಯ ಉದ್ದದ ಕಾಲುಭಾಗದಷ್ಟಾದರೂ ಇರಬೇಕು. 80 ಬಡಿತದ ಸದ್ದಿಗೆ ಒಂದು ಮೀಟರಿಗೂ ಮಿಕ್ಕ ಬೆಣೆ ಬೇಕು; 400ಕ್ಕೆ ಒಂದು ಗೇಣು ಸಾಕು!

ನೆದರ್ಲೆಂಡ್ಸಿನ ಮಾರ್ಕ್ನೆಸ್ಸೆಯಲ್ಲಿ ಡಚ್ಚರೂ ಜರ್ಮನರೂ ಕೂಡಿ ಕಟ್ಟಿದ ದೊಡ್ಡ ಸುರಂಗದಲ್ಲಿ 8 ಮೀಟರು ಅಗಲ, 6 ಮೀಟರು ಎತ್ತರದ ಗಾಳಿಯ ಹೊನಲನ್ನು ವಿಶಾಲವಾದ ನಿಶ್ಶಬ್ದ ಕೋಣೆಯೊಳಗೆ ಹರಿಯಬಿಡಬಹುದು. ಮೈಕುಗಳು ನಿಲ್ಲುವುದು ಹೊನಲಿನ ಹೊರಗೆ, ನಿಶ್ಚಲ ಗಾಳಿಯಲ್ಲಿ. ಹೊನಲಿನ ಅಂಚನ್ನು ದಾಟುವಾಗ ಶಬ್ದವು, ನೀರಿನಿಂದ ಹೊರಬರುವ ಬೆಳಕಿನಂತೆ, ಬಾಗುತ್ತದೆ. ಆ ಬಾಗನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆದರೂ ಗಾಳಿಯ ಮೊರೆತ ಉಳಿಯಿತಲ್ಲ! ಸಂತೆಯ ಗದ್ದಲದಲ್ಲೂ ದೂರದ ತಮಟೆಯ ಪೆಟ್ಟು ನಮಗೆ ಕೇಳಿಸುತ್ತದೆ. ಅದಕ್ಕೆ ಲಯವುಂಟು, ಗದ್ದಲಕ್ಕಿಲ್ಲ. ವಿಜ್ಞಾನಿಗಳು ಹಿಡಿದದ್ದು ಇದೇ ಜಾಡು. ಪ್ರೊಪೆಲರಿನ ದಂಡವು ಪ್ರತಿ ಸುತ್ತಿಗೂ ಒಂದು ಸಂಕೇತ ಕೊಡುತ್ತದೆ. ಅದಕ್ಕೆ ಹೊಂದಿಸಿ ಹತ್ತು ಸಾವಿರ ಸುತ್ತುಗಳ ಸದ್ದನ್ನು ಒಂದರ ಮೇಲೊಂದಿಟ್ಟು ಸರಾಸರಿ ತೆಗೆದರೆ, ಪ್ರೊಪೆಲರಿನ ಬಡಿತ ಹಾಗೆಯೇ ಉಳಿಯುತ್ತದೆ. ಲಯವಿಲ್ಲದ ಮೊರೆತ ನೂರನೆಯ ಒಂದು ಪಾಲಿಗೆ ಕುಗ್ಗುತ್ತದೆ. ನಮ್ಮ ಮಾದರಿಗೆ ಇದು ನೂರೇ ಸೆಕೆಂಡಿನ ಕೆಲಸ.

ಇದರಲ್ಲಿ ಒಂದು ಮೋಸವೂ ಅಡಗಿದೆ. ಅಲಗಿನ ಹಿಂದಂಚಿನಲ್ಲಿ ಗಾಳಿ ಕದಡಿ ಏಳುವ 'ಸುಸ್' ಎಂಬ ಸದ್ದು ಪ್ರೊಪೆಲರಿನದೇ. ಆದರೆ ಅದಕ್ಕೆ ಲಯವಿಲ್ಲ. ಸರಾಸರಿಯಲ್ಲಿ ಅದೂ ಅಳಿಸಿಹೋಗುತ್ತದೆ. ಹೀಗಾಗಿ ಅಲಗುಗಳನ್ನು ಕಳಚಿ ಅದೇ ಗಾಳಿಯಲ್ಲಿ ಇನ್ನೊಮ್ಮೆ ಅಳೆದು, ಎರಡರ ಅಂತರವನ್ನು ನೋಡುತ್ತಾರೆ. ಸುಸ್ಸೆಂಬ ಸದ್ದು ಮೊರೆತಕ್ಕಿಂತ ಬಹಳ ಕ್ಷೀಣವಾಗಿದ್ದರೆ ಈ ಕಳೆಯುವ ಲೆಕ್ಕವೂ ಸೋಲುತ್ತದೆ. ಆಗ ಹತ್ತಾರು ಮೈಕುಗಳನ್ನು ಸಾಲಾಗಿ ನಿಲ್ಲಿಸಿ, ಸದ್ದು ಒಂದೊಂದನ್ನು ತಲಪುವ ಕಾಲವ್ಯತ್ಯಾಸದಿಂದ ಅದು ಅಲಗಿನಿಂದ ಬಂತೋ ಸುರಂಗದಿಂದಲೋ ಎಂಬುದನ್ನು ಪತ್ತೆಹಚ್ಚುತ್ತಾರೆ.