ಸೇಬಿನ ಕ್ರಿಸ್ಪ್ ಮನೆಮಂದಿಗೆ, ಹೆಚ್ಚಿದ ಸಿಪ್ಪೆ ಹಸುವಿಗೆ



ಈ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಬೆದೆ, ಲಸಿಕೆಗಳ ಬಗ್ಗೆ ಬರೆಯುವ ನಾನು ಈ ಸಲ ಒಂದು ಸಿಹಿ ತಿಂಡಿಯ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ಕಾರಣ ಒಂದು ಸೇಬು.

ಕಳೆದ ದಸರಾ ರಜೆಯಲ್ಲಿ, ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಿಗೆ ಸದಸ್ಯೆಯೊಬ್ಬರು ಫೋನ್ ಮಾಡಿದರು. "ಡಾಕ್ಟ್ರೇ, ಹಸು ಕತ್ತು ನೀಡ್ಕೊಂಡು ನಿಂತಿದೆ. ಜೊಲ್ಲು ಸುರೀತಾನೇ ಇದೆ. ಹೊಟ್ಟೆ ಉಬ್ತಾ ಇದೆ, ಬೇಗ ಬನ್ನಿ" ಎಂದರು. ನಾನು ಹೋಗುವಷ್ಟರಲ್ಲಿ ಹಸುವಿನ ಎಡಹೊಟ್ಟೆ ತಮಟೆಯಂತೆ ಬಿಗಿದಿತ್ತು. ಊರಿಂದ ಬಂದಿದ್ದ ಮಗಳು ಸೇಬಿನ ಸಿಹಿ ಮಾಡಲು ಹಣ್ಣು ತಂದಿದ್ದಳು. ಪೆಟ್ಟು ತಿಂದ ಎರಡು ಮೂರು ಸಣ್ಣ ಹಣ್ಣುಗಳನ್ನು ಪಾಪ, ಪ್ರೀತಿಯಿಂದಲೇ ಗೋದಲಿಗೆ ಹಾಕಿದ್ದಳು. ಅವುಗಳಲ್ಲಿ ಒಂದು ಇಡಿಯಾಗಿ ಅನ್ನನಾಳದಲ್ಲಿ ಸಿಕ್ಕಿಕೊಂಡಿತ್ತು. ಮೊದಲು ಹೊಟ್ಟೆಗೆ ಟ್ರೋಕಾರ್ ಚುಚ್ಚಿ ಗಾಳಿ ಬಿಟ್ಟೆ. ಆಮೇಲೆ ಕತ್ತಿನ ಹೊರಗಿನಿಂದ ಹಣ್ಣನ್ನು ಮೆಲ್ಲಗೆ ಮೇಲಕ್ಕೆ ಒತ್ತಿ ತಂದು, ಬಾಯೊಳಗೆ ಕೈ ಹಾಕಿ ತೆಗೆದೆ. ಹಸು ಉಳಿಯಿತು. ಇನ್ನೊಂದು ಗಂಟೆ ತಡವಾಗಿದ್ದರೆ ಉಳಿಯುತ್ತಿತ್ತೆಂದು ಹೇಳಲಾರೆ.

ಕೈ ತೊಳೆದುಕೊಂಡು ಕೂತಾಗ ಆ ತಾಯಿ ಬಟ್ಟಲಿನಲ್ಲಿ ಅದೇ ಸೇಬಿನ ಸಿಹಿ ತಂದುಕೊಟ್ಟರು. ತುಂಬಾ ರುಚಿಯಾಗಿತ್ತು. "ಇದನ್ನ ಮಾಡೋದೂ ಬರೀರಿ, ಹಸುಗೆ ಹಣ್ಣು ಹಾಕೋದು ಹೇಗೆ ಅಂತಾನೂ ಬರೀರಿ" ಎಂದರು. ಅವರ ಮಾತಿನಂತೆ ಎರಡನ್ನೂ ಬರೆದಿದ್ದೇನೆ.

ಏನಿದು ಕ್ರಿಸ್ಪ್?

ಕ್ರಿಸ್ಪ್ ಎಂದರೆ ಗರಿಗರಿ. ಕೆಳಗೆ ಹೆಚ್ಚಿದ ಸೇಬು, ಮೇಲೆ ಓಟ್ಸ್, ಹಿಟ್ಟು, ಬೆಲ್ಲ, ಬೆಣ್ಣೆ ಕಲಸಿದ ಉದುರು ಹಿಟ್ಟು. ಒಲೆಯಲ್ಲಿ ಬೇಯಿಸಿದಾಗ ಕೆಳಗಿನದು ಮೆತ್ತಗಾಗುತ್ತದೆ, ಮೇಲಿನದು ಗರಿಗರಿಯಾಗುತ್ತದೆ. ಅಮೆರಿಕದಲ್ಲಿ ಇದು ಸೇಬಿನ ಸುಗ್ಗಿಯ ಮನೆ ತಿಂಡಿ. ಬ್ರಿಟನ್ನಿನಲ್ಲಿ ಇದರ ಅಕ್ಕನಂಥ ತಿಂಡಿಗೆ ಕ್ರಂಬಲ್ ಎನ್ನುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಬೆಣ್ಣೆಯೂ ರೇಷನ್ನಿನಲ್ಲಿತ್ತು. ಎಷ್ಟೋ ಕಾಲ ತಲೆಗೆ ವಾರಕ್ಕೆ ಸುಮಾರು 57 ಗ್ರಾಂ ಮಾತ್ರ ಸಿಗುತ್ತಿತ್ತು. ಹಿಟ್ಟು ಲಟ್ಟಿಸಿ ಮಾಡುವ ಹಣ್ಣಿನ ಕಡುಬಿಗೆ ಬೆಣ್ಣೆ ಹೆಚ್ಚು ಬೇಕು, ಉದುರು ಹಿಟ್ಟಿಗೆ ಕಡಿಮೆ ಸಾಕು. ಹಾಗಾಗಿ ಕ್ರಂಬಲ್ ಆ ಕಾಲದಲ್ಲಿ ಮನೆಮನೆಗೆ ಹಬ್ಬಿತು ಎನ್ನುತ್ತಾರೆ.

ಓಟ್ಸ್ ಎಂದರೆ ದೂರದ ವಸ್ತು ಎಂದುಕೊಳ್ಳಬೇಡಿ. ನಿಮ್ಮಲ್ಲಿ ಕೆಲವರು ಹಿಂಗಾರಿನಲ್ಲಿ ಕೆಂಟ್ ತಳಿಯ ಮೇವಿನ ಓಟ್ಸ್ ಬೆಳೆದಿರಬಹುದು. ಅದೇ ಜಾತಿಯ ಕಾಳನ್ನು ಹಬೆಯಲ್ಲಿ ಮೆದು ಮಾಡಿ ಒತ್ತಿದರೆ ಅಂಗಡಿಯ ಓಟ್ಸ್. ನಮ್ಮ ಅವಲಕ್ಕಿ ಇದ್ದಂತೆ. ಆದರೆ ಒಂದು ಎಚ್ಚರಿಕೆ: ಬಿತ್ತನೆಗೆ ತಂದ ಓಟ್ಸ್ ಬೀಜಕ್ಕೆ ಔಷಧಿ ಹಚ್ಚಿರಬಹುದು. ಅದನ್ನು ಅಡುಗೆಗೂ ಬಳಸಬೇಡಿ, ರಾಸುಗಳಿಗೂ ಹಾಕಬೇಡಿ.

ಬೇಕಾಗುವ ಸಾಮಾನು (6 ಜನಕ್ಕೆ)

ಕೆಳಪದರಕ್ಕೆ: ಸೇಬು 1 ಕೆ.ಜಿ., ಬೆಲ್ಲದ ಪುಡಿ 3 ಚಮಚ, ಒಂದು ನಿಂಬೆಹಣ್ಣಿನ ರಸ, ಗೋಧಿ ಹಿಟ್ಟು 1 ಚಮಚ, ಚಕ್ಕೆ ಪುಡಿ ಅರ್ಧ ಟೀ ಚಮಚ. ಚಕ್ಕೆ ಬೇಡವಾದರೆ ಏಲಕ್ಕಿ.

ಮೇಲ್ಪದರಕ್ಕೆ: ಓಟ್ಸ್ 1 ಲೋಟ (ಸುಮಾರು 90 ಗ್ರಾಂ), ಗೋಧಿ ಹಿಟ್ಟು ಅರ್ಧ ಲೋಟ, ಬೆಲ್ಲದ ಪುಡಿ ಅರ್ಧ ಲೋಟ, ತಣ್ಣನೆಯ ಬೆಣ್ಣೆ 100 ಗ್ರಾಂ, ಚಿಟಿಕೆ ಉಪ್ಪು. ಉಪ್ಪು ಹಾಕಿದ ಬೆಣ್ಣೆಯಾದರೆ ಮತ್ತೆ ಉಪ್ಪು ಬೇಡ.

ಕಾಶ್ಮೀರ, ಹಿಮಾಚಲದ ಹೊಸ ಬೆಳೆ ಬರುವ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಸೇಬಿನ ಬೆಲೆ ಸ್ವಲ್ಪ ಇಳಿಯುತ್ತದೆ. ಈ ತಿಂಡಿಗೆ ಗಟ್ಟಿಯಾದ, ಸ್ವಲ್ಪ ಹುಳಿಯಿರುವ ಹಣ್ಣು ಒಳ್ಳೆಯದು. ನಮಗೆ ಸಿಗುವ ಕೆಂಪು ಸೇಬು ಬರೀ ಸಿಹಿ, ಅದಕ್ಕೇ ನಿಂಬೆ ರಸ. ಹಿಟ್ಟುಹಿಟ್ಟಾದ ಹಣ್ಣು ಬೆಂದಾಗ ಗೊಜ್ಜಾಗಿಬಿಡುತ್ತದೆ. ಓಟ್ಸ್ ಕೊಳ್ಳುವಾಗ ಅಗಲ ಎಸಳಿನದು ಕೊಳ್ಳಿ. ತಕ್ಷಣ ಬೇಯುವ ಪುಡಿ ಓಟ್ಸ್ ಆದರೆ ಮೇಲ್ಪದರ ಮುದ್ದೆಯಾಗುತ್ತದೆ. ಮಸಾಲೆ ಓಟ್ಸ್ ಬೇಡವೇ ಬೇಡ.

ಮಾಡುವ ವಿಧಾನ

ಸೇಬಿನ ಸಿಪ್ಪೆ ತೆಗೆದು, ನಡುವಿನ ಬೀಜದ ಭಾಗ ಬಿಟ್ಟು, ಅರ್ಧ ಬೆರಳು ದಪ್ಪದ ಹೋಳು ಮಾಡಿ. ನಿಂಬೆ ರಸ, ಬೆಲ್ಲ, ಹಿಟ್ಟು, ಚಕ್ಕೆ ಪುಡಿ ಬೆರೆಸಿ ಸುಮಾರು 8 ಅಂಗುಲದ ತಟ್ಟೆಯಲ್ಲಿ ಹರಡಿ. ಹಣ್ಣು ಬೆಂದಾಗ ಬಿಡುವ ರಸವನ್ನು ಆ ಒಂದು ಚಮಚ ಹಿಟ್ಟು ಮಂದ ಮಾಡುತ್ತದೆ. ಇಲ್ಲದಿದ್ದರೆ ತಳದಲ್ಲಿ ನೀರು ನಿಲ್ಲುತ್ತದೆ.

ಮೇಲ್ಪದರಕ್ಕೆ ಓಟ್ಸ್, ಹಿಟ್ಟು, ಬೆಲ್ಲ ಬೆರೆಸಿ, ಬೆಣ್ಣೆಯನ್ನು ಸಣ್ಣ ಚೂರು ಮಾಡಿ ಹಾಕಿ ಬೆರಳ ತುದಿಯಲ್ಲಿ ಉಜ್ಜಿ. ಕೋಡುಬಳೆ ಹಿಟ್ಟಿಗೆ ಬೆಣ್ಣೆ ಹಾಕಿ ಉಜ್ಜುತ್ತೀರಲ್ಲ, ಹದ ಹಾಗೆಯೇ: ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು. ನೀರು ಹಾಕಬೇಡಿ, ನಾದಬೇಡಿ. ಗೋಧಿ ಹಿಟ್ಟಿಗೆ ನೀರು ಸೇರಿಸಿ ನಾದಿದರೆ ಚಪಾತಿಯ ಜಿಗುಟು ಬರುತ್ತದೆ. ಹಿಟ್ಟಿನ ಕಣಕ್ಕೆ ಮೊದಲು ಜಿಡ್ಡು ಅಂಟಿಕೊಂಡರೆ ಆ ಜಿಗುಟು ಹುಟ್ಟುವುದಿಲ್ಲ, ಹಿಟ್ಟು ಉದುರಾಗಿಯೇ ಬೇಯುತ್ತದೆ. ಬೆಣ್ಣೆ ಕರಗಿದ್ದರೆ ಎಲ್ಲವೂ ಒಂದೇ ಮುದ್ದೆಯಾಗುವುದರಿಂದ ತಣ್ಣನೆಯದೇ ಬೇಕು.

ಈ ಹಿಟ್ಟನ್ನು ಹಣ್ಣಿನ ಮೇಲೆ ಒತ್ತದೆ ಉದುರಿಸಿ. ಓವನ್ ಇದ್ದವರು 10 ನಿಮಿಷ ಮೊದಲೇ ಕಾಯಿಸಿಟ್ಟು, 180 ಡಿಗ್ರಿಯಲ್ಲಿ 40ರಿಂದ 45 ನಿಮಿಷ ಬೇಯಿಸಿ. ಮೇಲೆ ಹೊಂಬಣ್ಣ ಬಂದು, ಅಂಚಿನಲ್ಲಿ ರಸ ಮಂದವಾಗಿ ಕುದಿಯುತ್ತಿದ್ದರೆ ಆಯಿತು. ಇಳಿಸಿ ಕಾಲು ಗಂಟೆ ಬಿಡಿ. ಆರುತ್ತಾ ರಸ ಗಟ್ಟಿಯಾಗುತ್ತದೆ, ಮೇಲ್ಪದರ ಗರಿಯಾಗುತ್ತದೆ.

ಓವನ್ ಇಲ್ಲದಿದ್ದರೆ? ಓವನ್ನಿನಲ್ಲಿ ಕಾವು ಮೇಲಿನಿಂದಲೂ ಬರುತ್ತದೆ, ನಮ್ಮ ಒಲೆಯಲ್ಲಿ ಕೆಳಗಿನಿಂದ ಮಾತ್ರ. ಮುಚ್ಚಿಟ್ಟು ಬೇಯಿಸಿದರೆ ಹಬೆ ನಿಂತು ಮೇಲ್ಪದರ ಕಣಕದಂತೆ ಮೆತ್ತಗಾಗುತ್ತದೆ. ಹಾಗಾಗಿ ಎರಡನ್ನೂ ಬೇರೆ ಬೇರೆ ಮಾಡುವುದೇ ಸುಲಭ. ಹಣ್ಣಿನ ಹೋಳನ್ನು ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಿ, ಸಣ್ಣ ಉರಿಯಲ್ಲಿ 10ರಿಂದ 12 ನಿಮಿಷ ಬೇಯಿಸಿ. ಮೇಲ್ಪದರದ ಹಿಟ್ಟನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲೇ, ರವೆ ಹುರಿದಂತೆ ಕೈಬಿಡದೆ ಹುರಿಯಿರಿ. ಬೆಲ್ಲವನ್ನು ಕೊನೆಯ ಎರಡು ನಿಮಿಷದಲ್ಲಿ ಸೇರಿಸಿ, ಮೊದಲೇ ಹಾಕಿದರೆ ಸೀದುಹೋಗುತ್ತದೆ. ತಿನ್ನುವ ಹೊತ್ತಿಗೆ ಹಣ್ಣಿನ ಮೇಲೆ ಉದುರಿಸಿ. ನಾನು ಆ ದಿನ ತಿಂದದ್ದು ಹೀಗೆ ಮಾಡಿದ್ದೇ.

ಬೆಣ್ಣೆ, ಕೆನೆಯ ಬಗ್ಗೆ ಎರಡು ಮಾತು

ಪೇಟೆಯ ಬೆಣ್ಣೆಯಲ್ಲಿ ಶೇ 80ರಷ್ಟಾದರೂ ಜಿಡ್ಡು ಇರಬೇಕು, ನೀರು ಶೇ 16ನ್ನು ಮೀರಬಾರದು. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆ ನೀರು ಇನ್ನೂ ಹೆಚ್ಚು ಉಳಿದಿರುತ್ತದೆ. ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆದು, ಚೆನ್ನಾಗಿ ಹಿಂಡಿ ಬಳಸಿ. ನೀರು ಉಳಿದಷ್ಟೂ ಗರಿ ಕಡಿಮೆ. ತುಪ್ಪ ಹಾಕುವುದಾದರೆ ಗಟ್ಟಿ ತುಪ್ಪ 80 ಗ್ರಾಂ ಸಾಕು, ಅದರಲ್ಲಿ ನೀರಿನಂಶ ಇರುವುದಿಲ್ಲ.

ಕ್ರಿಸ್ಪ್ ಮೇಲೆ ಕೆನೆ ಅಥವಾ ತಣ್ಣನೆಯ ಹಾಲು ಹಾಕಿಕೊಂಡು ತಿಂದರೆ ಸೊಗಸು. ಆದರೆ ಕೆನೆ ಕಾಯಿಸಿದ ಹಾಲಿನದ್ದೇ ಆಗಿರಲಿ. ಬ್ರುಸೆಲ್ಲೋಸಿಸ್‌ನಂಥ ಕಾಯಿಲೆ ಹಸುವಿನಿಂದ ಮನುಷ್ಯರಿಗೆ ಹಸಿ ಹಾಲು, ಹಸಿ ಕೆನೆಯ ಮೂಲಕವೂ ಬರುತ್ತದೆ. ನಮ್ಮ ಹಿರಿಯರು ಹಾಲು ಕಾಯಿಸಿ, ಹೆಪ್ಪು ಹಾಕಿ, ಕಡೆದು ಬೆಣ್ಣೆ ತೆಗೆಯುತ್ತಿದ್ದ ಕ್ರಮವೇ ಸರಿ. ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಬೆಲ್ಲದ್ದಾದರೂ ಸಿಹಿಯೇ ಎಂಬುದು ನೆನಪಿರಲಿ.

ಸಿಪ್ಪೆ ಹಸುವಿಗೆ, ಆದರೆ ಹೆಚ್ಚಿ

ಈಗ ನನ್ನ ಕೆಲಸದ ವಿಷಯ. ಸೇಬನ್ನು ನಾವು ಹೋಳು ಮಾಡಿಕೊಂಡು ಅಗಿದು ತಿನ್ನುತ್ತೇವೆ. ಹಸುವಿಗೆ ಮೇಲ್ದವಡೆಯಲ್ಲಿ ಮುಂಬಾಗದ ಹಲ್ಲಿಲ್ಲ. ಅದು ಮೊದಲು ಸರಿಯಾಗಿ ಅಗಿಯದೆ ನುಂಗುತ್ತದೆ, ಆಮೇಲೆ ಮೆಲುಕು ಹಾಕುತ್ತದೆ. ಹುಲ್ಲಿಗೆ ಈ ಕ್ರಮ ಸರಿ. ಉರುಟಾದ, ನುಣುಪಾದ ಸೇಬು, ಆಲೂಗಡ್ಡೆ, ಮಾವಿನ ಓಟೆ ಇಡಿಯಾಗಿ ಜಾರಿದರೆ ಅನ್ನನಾಳದಲ್ಲಿ ಬಿರಡೆಯಂತೆ ಕೂರುತ್ತದೆ. ಹಸುವಿನ ಮೊದಲ ಹೊಟ್ಟೆಯಲ್ಲಿ ಮೇವು ಹುಳಿಯುತ್ತಾ ಸದಾ ಗಾಳಿ ಹುಟ್ಟುತ್ತಿರುತ್ತದೆ. ಅದು ತೇಗಿನ ಮೂಲಕ ಹೊರಹೋಗಬೇಕು. ದಾರಿ ಮುಚ್ಚಿದರೆ ಹೊಟ್ಟೆ ಉಬ್ಬಿ, ಶ್ವಾಸಕೋಶವನ್ನು ಒತ್ತಿ, ಕೆಲವೇ ಗಂಟೆಗಳಲ್ಲಿ ಹಸು ಸಾಯಬಹುದು.

ಜೊಲ್ಲು ಸುರಿಸುವುದು, ಕತ್ತು ಚಾಚುವುದು, ಕೆಮ್ಮುವುದು, ನೀರು ಕುಡಿಯಲು ಹೋಗಿ ಮೂಗಿನಿಂದ ವಾಪಸು ಬರುವುದು, ಎಡಹೊಟ್ಟೆ ಉಬ್ಬುವುದು ಇದರ ಲಕ್ಷಣಗಳು. ಆಗ ಮೇವು, ನೀರು ತೆಗೆದುಬಿಡಿ. ಬಾಯಿಗೆ ಎಣ್ಣೆ, ನೀರು ಹುಯ್ಯಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಕೋಲು, ಪೈಪು ತೂರಿಸಿ ತಳ್ಳಬೇಡಿ, ಅನ್ನನಾಳ ಹರಿಯುತ್ತದೆ. ತಕ್ಷಣ ಪಶುವೈದ್ಯರಿಗೆ ಅಥವಾ 1962ಕ್ಕೆ ಫೋನ್ ಮಾಡಿ. ಜೊಲ್ಲು ಸುರಿಸುವ ರಾಸಿಗೆ ಹುಚ್ಚುನಾಯಿ ಕಚ್ಚಿದ್ದರಿಂದಲೂ ಹಾಗಾಗಿರಬಹುದು. ಬರಿಗೈಯನ್ನು ಬಾಯೊಳಗೆ ಹಾಕಲೇಬೇಡಿ.

ಎರಡನೆಯ ಅಪಾಯ ಪ್ರಮಾಣದ್ದು. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಮೇವಿನ ನಾರಿಗೆ ಹೊಂದಿಕೊಂಡಿರುತ್ತವೆ. ಒಮ್ಮೆಲೇ ಬುಟ್ಟಿಗಟ್ಟಲೆ ಹಣ್ಣು, ಅನ್ನ, ಪಾಯಸ, ಹಿಟ್ಟು ಬಿದ್ದರೆ ಸಕ್ಕರೆ, ಗಂಜಿ ಅಂಶ ಬೇಗ ಹುಳಿದು ಆಮ್ಲ ಹೆಚ್ಚುತ್ತದೆ. ಹಸು ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಸಗಣಿ ನೀರಾಗಿ ಹುಳಿ ವಾಸನೆ ಬರುತ್ತದೆ, ಹೆಚ್ಚಾದರೆ ನೆಲ ಹಿಡಿಯುತ್ತದೆ. ಮದುವೆ, ಹಬ್ಬದ ಮರುದಿನ ನಮಗೆ ಬರುವ ಕರೆಗಳಲ್ಲಿ ಇಂಥವು ಸಾಮಾನ್ಯ.

ಹಾಲಿನ ಜಿಡ್ಡಿಗೂ ಇದಕ್ಕೂ ಸಂಬಂಧವಿದೆ. ಮೇವಿನ ನಾರು ಹುಳಿದಾಗ ಹುಟ್ಟುವ ಅಂಶದಿಂದಲೇ ಕೆಚ್ಚಲಿನಲ್ಲಿ ಜಿಡ್ಡಿನ ದೊಡ್ಡ ಪಾಲು ತಯಾರಾಗುತ್ತದೆ. ನಾರು ಕಡಿಮೆಯಾಗಿ ಹಿಟ್ಟು, ಸಿಹಿ ಹೆಚ್ಚಾದರೆ ಡೇರಿಯಲ್ಲಿ ಫ್ಯಾಟ್ ಇಳಿಯುತ್ತದೆ, ಜೊತೆಗೆ ನಿಮ್ಮ ದರವೂ. ನೀವು ಕ್ರಿಸ್ಪ್‌ಗೆ ಹಾಕುವ 100 ಗ್ರಾಂ ಬೆಣ್ಣೆಯ ಜಿಡ್ಡು ಬರಬೇಕಾದರೆ ಶೇ 4 ಫ್ಯಾಟ್ ಇರುವ ಹಾಲು ಸುಮಾರು 2 ಲೀಟರ್ ಬೇಕು. ಅದು ಹುಟ್ಟುವುದು ಹುಲ್ಲಿನಿಂದ, ಹಣ್ಣಿನಿಂದಲ್ಲ.

ಹಾಗೆಂದು ಸಿಪ್ಪೆ ಎಸೆಯಬೇಕಿಲ್ಲ. ಸಿಪ್ಪೆ, ನಡುವಿನ ಭಾಗವನ್ನು ಬೆರಳಿಗಿಂತ ತೆಳ್ಳಗೆ ಹೆಚ್ಚಿ, ಕತ್ತರಿಸಿದ ಮೇವಿನ ಜೊತೆ ಬೆರೆಸಿ ಕೊಡಿ. ಒಂದು ಕ್ರಿಸ್ಪ್‌ನಿಂದ ಉಳಿಯುವುದು ಒಂದೆರಡು ಹಿಡಿ, ಅಷ್ಟರಿಂದ ತೊಂದರೆಯಿಲ್ಲ. ಮಂಡಿಯಿಂದ ಅಗ್ಗಕ್ಕೆ ಹಣ್ಣು ತರುವವರು ದೊಡ್ಡ ಹಸುವಿಗೆ ದಿನಕ್ಕೆ ಅರ್ಧ ಕೆ.ಜಿ.ಯಿಂದ ಶುರು ಮಾಡಿ, ಒಂದು ಕೆ.ಜಿ. ದಾಟಿಸದಿರುವುದು ಒಳ್ಳೆಯದು. ಬೂಷ್ಟು ಹಿಡಿದ, ಕೊಳೆತ ಹಣ್ಣು ತಿಪ್ಪೆಗೆ ಹೋಗಲಿ. ಉಳಿದ ಕ್ರಿಸ್ಪ್ ಅನ್ನು ರಾಸುಗಳಿಗೆ ಹಾಕಬೇಡಿ, ಮಾರನೆಯ ಬೆಳಿಗ್ಗೆ ತಣ್ಣನೆಯ ಮೊಸರಿನ ಜೊತೆ ನೀವೇ ತಿನ್ನಿ, ಇನ್ನೂ ರುಚಿ.

ಕೊಟ್ಟಿಗೆಯ ಕೆಲಸ ಮಾಡುವ ಮಕ್ಕಳಿಗೆ, ರಜೆಗೆ ಬರುವ ನೆಂಟರಿಗೆ ಇದನ್ನು ತಪ್ಪದೆ ಹೇಳಿ. ಹಸುವಿನ ಮೇಲೆ ಅಕ್ಕರೆ ಇರುವವರೇ ಕೈಯಲ್ಲಿದ್ದ ಹಣ್ಣನ್ನು ಇಡಿಯಾಗಿ ಕೊಡುವುದು. ಸೇಬು ತಂದ ದಿನ ಈಳಿಗೆಮಣೆಯ ಮುಂದೆ ಕೂತಾಗ ಮನೆಯವರಿಗೆ ಹೆಚ್ಚಿದಂತೆ ಹಸುವಿನ ಪಾಲನ್ನೂ ಹೆಚ್ಚಿಬಿಡಿ. ಎರಡು ನಿಮಿಷದ ಕೆಲಸ ಅಷ್ಟೇ.