ಪರಿಚಿತ ಪದ, ಅಪರಿಚಿತ ಅರ್ಥ: ಹಿಂದಿನ ಇಂಗ್ಲಿಷಿನ ಕೆಲವು ಶಬ್ದಗಳನ್ನು ಕುರಿತು

ಹಳೆಯ ಇಂಗ್ಲಿಷ್ ಕೃತಿಗಳನ್ನು ಓದುವಾಗ ನಮ್ಮನ್ನು ತಡೆದು ನಿಲ್ಲಿಸುವ ಪದಗಳು ಬೇರೆ, ದಾರಿ ತಪ್ಪಿಸುವ ಪದಗಳು ಬೇರೆ. 'ಹ್ಯಾಮ್ಲೆಟ್' ನಾಟಕದ ಪ್ರಸಿದ್ಧ ಸ್ವಗತದಲ್ಲಿ ಬರುವ 'ಫಾರ್ಡೆಲ್' ಎಂಬುದು ಮೊದಲ ವರ್ಗಕ್ಕೆ ಸೇರಿದುದು. ಇಂದು ಬಳಕೆಯಲ್ಲಿಲ್ಲದ ಆ ಪದ ಕಂಡೊಡನೆ ಓದುಗನು ನಿಘಂಟನ್ನು ತೆರೆಯುತ್ತಾನೆ; ಹೊರೆ, ಗಂಟು ಎಂಬ ಅರ್ಥ ದೊರೆಯುತ್ತದೆ; ಅಲ್ಲಿಗೆ ತೊಡಕು ಮುಗಿಯಿತು. ಅದೇ ನಾಟಕದ ಮೊದಲ ಅಂಕದಲ್ಲಿ, ಪ್ರೇತದ ಹಿಂದೆ ಹೊರಟ ಹ್ಯಾಮ್ಲೆಟನನ್ನು ಗೆಳೆಯರು ಹಿಡಿದು ನಿಲ್ಲಿಸಿದಾಗ ಅವನು ಬಳಸುವ 'ಲೆಟ್' ಎಂಬ ಕ್ರಿಯಾಪದವಾದರೋ ಎರಡನೆಯ ವರ್ಗದ್ದು. ಶಾಲಾ ಬಾಲಕನಿಗೂ ಗೊತ್ತಿರುವ ಆ ಪದಕ್ಕಾಗಿ ಯಾರೂ ನಿಘಂಟು ತೆರೆಯುವುದಿಲ್ಲ. ಆದರೆ ಅಲ್ಲಿ ಅದರ ಅರ್ಥ 'ಬಿಡು' ಎಂದಲ್ಲ, 'ತಡೆ' ಎಂದು.

ಒಂದೇ ಪದಕ್ಕೆ ಪರಸ್ಪರ ವಿರುದ್ಧವಾದ ಅರ್ಥಗಳು ಹೇಗೆ ಬಂದವು? ವಾಸ್ತವವಾಗಿ ಅದು ಒಂದು ಪದವಲ್ಲ. ಪ್ರಾಚೀನ ಇಂಗ್ಲಿಷಿನಲ್ಲಿ 'ಲ್ಯಾಟನ್' (ಬಿಡು) ಮತ್ತು 'ಲೆಟ್ಟನ್' (ತಡೆ) ಎಂಬ ಎರಡು ಧಾತುಗಳಿದ್ದವು. ಧ್ವನಿವ್ಯತ್ಯಾಸದಿಂದ ಎರಡೂ ಏಕರೂಪ ತಾಳಿದವು. ಬಳಕೆಯಲ್ಲಿ 'ಬಿಡು' ಉಳಿಯಿತು, 'ತಡೆ' ಅಳಿಯಿತು. ಪೂರ್ತಿ ಅಳಿಯಿತೆನ್ನುವಂತೆಯೂ ಇಲ್ಲ. ಚೆಂಡು ಬಲೆಗೆ ತಗುಲಿ ಆಚೆ ಬಿದ್ದಾಗ ಟೆನಿಸ್ ಆಟದಲ್ಲಿ ಕೂಗುವ 'ಲೆಟ್' ಅದೇ. ಭಾರತದ ಪಾಸ್‌ಪೋರ್ಟಿನಲ್ಲಿ ರಾಷ್ಟ್ರಪತಿಯವರ ಹೆಸರಿನಲ್ಲಿ ಮುದ್ರಿತವಾಗಿರುವ ಕೋರಿಕೆಯಲ್ಲಿ 'ಹಿಂಡ್ರೆನ್ಸ್' ಪದದೊಡನೆ ಜೋಡಿಯಾಗಿ ಬರುವ 'ಲೆಟ್' ಕೂಡ ಅದೇ. ನಮ್ಮ ಕಿಸೆಯಲ್ಲಿಯೇ ಇರುವ ಹಳೆಯ ಪದವಿದು!

1611ರ ಇಂಗ್ಲಿಷ್ ಬೈಬಲಿನಲ್ಲಿ ಇಂತಹ ಪದಗಳು ಹೇರಳ. 119ನೆಯ ಕೀರ್ತನೆಯ ಭಕ್ತನು ಬೆಳಗಾಗುವುದನ್ನು 'ಪ್ರಿವೆಂಟ್' ಮಾಡಿದೆನೆನ್ನುತ್ತಾನೆ. ಇಂದಿನ ಅರ್ಥದಲ್ಲಿ ಓದಿದರೆ ಅವನು ಸೂರ್ಯೋದಯವನ್ನೇ ತಡೆದಂತಾಗುತ್ತದೆ. ಆದರೆ ಲ್ಯಾಟಿನ್ ಮೂಲಕ್ಕೆ ನಿಷ್ಠವಾದ ಅಂದಿನ ಅರ್ಥ 'ಮುಂಚಿತವಾಗಿ ಬರು' ಎಂಬುದು. ಅವನು ಬೆಳಗಾಗುವ ಮೊದಲೇ ಎದ್ದನೆಂದಷ್ಟೇ ತಾತ್ಪರ್ಯ. ಯಾಜಕಕಾಂಡದ ಎರಡನೆಯ ಅಧ್ಯಾಯದ 'ಮೀಟ್ ಆಫರಿಂಗ್' ಇನ್ನೂ ಕುತೂಹಲಕರ. ಆ ನೈವೇದ್ಯದಲ್ಲಿರುವುದು ನಯವಾದ ಹಿಟ್ಟು, ಎಣ್ಣೆ, ಧೂಪ. ಮಾಂಸದ ಲೇಶವೂ ಇಲ್ಲ. 'ಮೀಟ್' ಅಂದು ಆಹಾರಸಾಮಾನ್ಯವನ್ನು ಸೂಚಿಸುತ್ತಿತ್ತು. 'ಸ್ವೀಟ್‌ಮೀಟ್' ಎಂಬಲ್ಲಿ ಈಗಲೂ ಆ ಅರ್ಥದ ಕುರುಹು ಉಂಟು. ಅಪಾರ್ಥವಾಗುವುದೆಂದೇ 1885ರ ಪರಿಷ್ಕರಣದಲ್ಲಿ ಅದನ್ನು 'ಮೀಲ್ ಆಫರಿಂಗ್' ಎಂದು ಬದಲಾಯಿಸಿದರು.

ಇದು ನಮ್ಮ ಭಾಷಾವಿಜ್ಞಾನದ ತರಗತಿಗಳಲ್ಲಿ ಹೇಳುವ ಅರ್ಥಸಂಕೋಚವೇ. 'ಡಿಯರ್' ಎಂಬುದು ಮೊದಲು ಪ್ರಾಣಿಸಾಮಾನ್ಯ, ಅನಂತರ ಜಿಂಕೆ. ಸಂಸ್ಕೃತದಲ್ಲಿ 'ಮೃಗ' ಶಬ್ದವೂ ಇದೇ ಹಾದಿ ಹಿಡಿದು ಜಿಂಕೆಯನ್ನು ಹೇಳಿದರೆ, ಕನ್ನಡದ ಆಡುಮಾತಿನಲ್ಲಿ ಅದು ಕಾಡುಪ್ರಾಣಿಯ ಅರ್ಥವನ್ನೇ ಉಳಿಸಿಕೊಂಡಿದೆ. ಎಳ್ಳಿನದಷ್ಟೇ ಆಗಿದ್ದ 'ಎಣ್ಣೆ' ಎಲ್ಲ ಎಣ್ಣೆಗಳಿಗೂ ವ್ಯಾಪಿಸಿದುದು ಇದರ ವಿಲೋಮ. ಧನ್ಯ ಎಂಬರ್ಥದ ಮೂಲದಿಂದ ಬಂದ 'ಸಿಲ್ಲಿ' ಹೀನಾರ್ಥಕ್ಕಿಳಿದುದು, ಮೂಢನನ್ನು ಹೇಳುತ್ತಿದ್ದ 'ನೈಸ್' ಉತ್ತಮಾರ್ಥಕ್ಕೇರಿದುದು ಪಠ್ಯಪುಸ್ತಕಗಳಲ್ಲಿ ಸವೆದ ಉದಾಹರಣೆಗಳಾದುದರಿಂದ ವಿಸ್ತರಿಸುವುದಿಲ್ಲ.

ಕನ್ನಡ ಅಧ್ಯಾಪಕರಿಗೆ ಇದರ ಗೊಡವೆ ಏಕೆಂದು ಕೇಳಬಹುದು. ನಾವು ನಿತ್ಯ ಬಳಸುವ ಆಕರಗಳಲ್ಲಿ ಹಲವು ಹಿಂದಿನ ಇಂಗ್ಲಿಷಿನಲ್ಲಿವೆ. ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರದು, ಕಿಟೆಲ್ ಅವರದು 1894ರದು. ರೈಸ್ ಅವರ ಶಾಸನಾನುವಾದಗಳೂ ಸುಮಾರು ಅದೇ ಕಾಲದವು. ಕನ್ನಡ ಪದದ ಅರ್ಥಕ್ಕೆಂದು ಅಲ್ಲಿಗೆ ಹೋದವರು ಇಂಗ್ಲಿಷ್ ಪದದ ಕಾಲವನ್ನು ವಿಚಾರಿಸುವುದು ವಿರಳ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲಿ ಶಾಸನ-ಕಾವ್ಯಗಳ ಪ್ರಯೋಗಗಳನ್ನು ಶ್ರದ್ಧೆಯಿಂದ ನೋಡುವ ನಾವು, 1884ರಿಂದ 1928ರವರೆಗೆ ಭಾಗಶಃ ಪ್ರಕಟವಾಗಿ ಪೂರ್ಣಗೊಂಡ ಆಕ್ಸ್‌ಫರ್ಡ್ ಬೃಹತ್ ನಿಘಂಟಿನಲ್ಲಿಯೂ ಕಾಲಾನುಕ್ರಮದ ಪ್ರಯೋಗಗಳಿವೆ ಎಂಬುದನ್ನು ಮರೆಯುತ್ತೇವೆ.

'ಕಾರ್ನ್' ಪದವನ್ನೇ ನೋಡಬಹುದು. ಬ್ರಿಟಿಷರ ಬಳಕೆಯಲ್ಲಿ ಅದು ಧಾನ್ಯಸಾಮಾನ್ಯ; ಇಂಗ್ಲೆಂಡಿನಲ್ಲಿ ಹೆಚ್ಚಾಗಿ ಗೋಧಿ, ಸ್ಕಾಟ್ಲೆಂಡಿನಲ್ಲಿ ಓಟ್ಸ್. 1815ರಿಂದ 1846ರವರೆಗೆ ಜಾರಿಯಲ್ಲಿದ್ದ 'ಕಾರ್ನ್ ಲಾಸ್' ಧಾನ್ಯಗಳ ಆಮದನ್ನು ಕುರಿತ ಕಾನೂನುಗಳೇ ಹೊರತು ಮೆಕ್ಕೆಜೋಳದವಲ್ಲ. ಮೆಕ್ಕೆಜೋಳವೆಂಬುದು ಅಮೆರಿಕದ ಬಳಕೆ. ಈಗ ನಮ್ಮ ಅಂಗಡಿಗಳಲ್ಲಿ ರೂಢವಾಗಿರುವುದೂ ಅದೇ. ಸೋಮನಾಥಪುರವೇ ಮೊದಲಾದ ಹೊಯ್ಸಳ ದೇವಾಲಯಗಳ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆಯೆಂದು 1989ರಲ್ಲಿ ಇಬ್ಬರು ಅಮೆರಿಕನ್ ವಿದ್ವಾಂಸರು ವಾದಿಸಿದರು. ಕೊಲಂಬಸನ 1492ರ ಯಾನಕ್ಕೆ ಮುಂಚೆಯೇ ಆ ಬೆಳೆ ಇಲ್ಲಿತ್ತೆಂಬ ಈ ವಾದವನ್ನು ಸಸ್ಯವಿಜ್ಞಾನಿಗಳು ಖಂಡಿಸಿದರು. ಇಂತಹ ವಿವಾದದ ನಡುವೆ ಹನ್ನೆರಡನೆಯ ಶತಮಾನದ ದತ್ತಿಶಾಸನವೊಂದರ ಹಳೆಯ ಇಂಗ್ಲಿಷ್ ಅನುವಾದದಲ್ಲಿ 'ಕಾರ್ನ್' ಎಂದಿರುವುದನ್ನು ಕಂಡ ಸಂಶೋಧಕನು ಮೂಲಪಾಠಕ್ಕೆ ಹೋಗದೆ ಅದನ್ನು ಮೆಕ್ಕೆಜೋಳವೆಂದು ಬರೆದುಕೊಂಡರೆ, ಶಾಸನದಲ್ಲಿ ಇಲ್ಲದ ಬೆಳೆಯೊಂದಕ್ಕೆ ಶಾಸನದ ಆಧಾರವೇ ಸೃಷ್ಟಿಯಾಗಿಬಿಡುತ್ತದೆ.