ಮೊಣಕೈಯ ಹಿಂದಿನ ತ್ರಿಭುಜ

ತುಮಕೂರಿನ ಪೇಟೆಯಲ್ಲಾಗಲಿ ಗುಬ್ಬಿಯ ಸಂತೆಯಲ್ಲಾಗಲಿ ಹೂವಾಡಗಿತ್ತಿಯು ಮಾಲೆಯನ್ನು ಅಳೆಯುವುದು ಮೊಳದ ಲೆಕ್ಕದಲ್ಲಿ. ಮಡಿಸಿದ ಮೊಣಕೈಯ ತುದಿಯಿಂದ ನಡುಬೆರಳಿನ ತುದಿಯವರೆಗೆ ಒಂದು ಮೊಳ. ಅವಳ ಕೈ ಗಿಡ್ಡವಾದರೆ ಕೊಳ್ಳುವವರಿಗೆ ನಷ್ಟವೆಂಬುದು ಬೇರೆ ಮಾತು! ಆ ಅಳತೆಯು ಮೊದಲಾಗುವ ಗಟ್ಟಿ ತುದಿ ಯಾವ ಮೂಳೆಯದು?

ಮುಂಗೈಯಲ್ಲಿ ಕಿರುಬೆರಳಿನ ಕಡೆಗಿರುವ ಅಲ್ನ ಎಂಬ ಮೂಳೆಯ ಮೇಲ್ತುದಿ ಅದು; ಒಲೆಕ್ರನಾನ್ ಎಂದು ಅದರ ಹೆಸರು. ತೋಳಿನ ಹಿಂಬದಿಯ ಟ್ರೈಸೆಪ್ಸ್ ಸ್ನಾಯು ಇದನ್ನು ಮೀಟುಗೋಲಿನಂತೆ ಎಳೆದಾಗ ಕೈ ನೇರವಾಗುತ್ತದೆ. ಟಿಪ್ಪುಸುಲ್ತಾನನ ಕಾಲದಿಂದ ಹೆಸರಾದ ಕುಣಿಗಲಿನ ಕುದುರೆಗಳನ್ನು ಕಂಡವರು ಅವುಗಳ ಮುಂಗಾಲಿನ ನಡುಗಂಟನ್ನು ಮೊಣಕಾಲೆಂದೇ ತಿಳಿಯುತ್ತಾರೆ. ವಾಸ್ತವವಾಗಿ ಅದು ನಮ್ಮ ಮಣಿಕಟ್ಟಿಗೆ ಸಮ. ಕುದುರೆಯ ಮೊಣಕೈ ಇರುವುದು ಎದೆಯ ಪಕ್ಕದಲ್ಲಿ. ಅದರ ಅಲ್ನ ಕ್ಷೀಣಿಸಿ ಪಕ್ಕದ ರೇಡಿಯಸ್ ಮೂಳೆಯೊಡನೆ ಬೆಸೆದುಹೋಗಿದ್ದರೂ ಒಲೆಕ್ರನಾನ್ ಮಾತ್ರ ದೊಡ್ಡದಾಗಿಯೇ ಉಳಿದಿದೆ. ಮೀಟುಗೋಲನ್ನು ಬಿಟ್ಟರೆ ನಡೆಯುವಂತಿಲ್ಲವಷ್ಟೆ.

ನಮ್ಮಲ್ಲಿ ಒಲೆಕ್ರನಾನಿನ ಇಕ್ಕೆಲಗಳಲ್ಲಿ, ತೋಳಿನ ಮೂಳೆಯಾದ ಹ್ಯೂಮರಸಿನ ಎರಡು ಉಬ್ಬುಗಳು ಕೈಗೆ ಸಿಗುತ್ತವೆ. ಒಳಬದಿಯ ಉಬ್ಬಿನ ಹಿಂದೆ ಹಾಯುವ ನರಕ್ಕೆ ಪೆಟ್ಟು ತಗುಲಿದಾಗಲೇ ಕಿರುಬೆರಳಿನವರೆಗೂ ಜುಮ್ಮೆನ್ನುವುದು. ವಾಚಕರು ಈಗಲೇ ಪರೀಕ್ಷಿಸಬಹುದು. ಒಂದು ಕೈಯನ್ನು ನೇರವಾಗಿ ಚಾಚಿ, ಇನ್ನೊಂದು ಕೈಯ ಹೆಬ್ಬೆರಳು ಮತ್ತು ನಡುಬೆರಳುಗಳನ್ನು ಉಬ್ಬುಗಳ ಮೇಲೆ, ತೋರುಬೆರಳನ್ನು ಒಲೆಕ್ರನಾನಿನ ಮೇಲೆ ಇಡಿರಿ. ಮೂರೂ ಹೆಚ್ಚುಕಡಿಮೆ ಒಂದೇ ಸರಳರೇಖೆಯಲ್ಲಿರುತ್ತವೆ. ಮೊಣಕೈಯನ್ನು ಲಂಬಕೋನಕ್ಕೆ ಮಡಿಸಿರಿ. ನಡುವಿನ ಬಿಂದು ಸರಿದು, ಸುಮಾರಾಗಿ ಒಂದು ಸಮದ್ವಿಬಾಹು ತ್ರಿಭುಜ ಏರ್ಪಡುತ್ತದೆ.

ಚಾಚಿದ ಕೈಯಲ್ಲಿ ಒಲೆಕ್ರನಾನ್ ಹೊಕ್ಕು ಕುಳಿತುಕೊಳ್ಳಲು ಹ್ಯೂಮರಸಿನ ಹಿಂದೆ ಒಂದು ಗುಳಿಯುಂಟು. ಮುಂದುಗಡೆಯೂ ಒಂದು ಚಿಕ್ಕ ಗುಳಿಯುಂಟು. ಇವೆರಡರ ನಡುವೆ ಉಳಿಯುವ ಮೂಳೆ ಬಹಳ ತೆಳುವು. ಕೆಲವರಲ್ಲಿ ಅಲ್ಲಿ ರಂಧ್ರವೇ ಇರುತ್ತದೆ.

ಹುಣಿಸೆಯ ಮರದಿಂದ ಜಾರಿದ ಬಾಲಕನು ಚಾಚಿದ ಅಂಗೈಯ ಮೇಲೆ ಬಿದ್ದರೆ ಹ್ಯೂಮರಸ್ ಮುರಿಯುವುದು ಸಾಮಾನ್ಯವಾಗಿ ಈ ತೆಳುಭಾಗದಲ್ಲಿಯೇ. ಕೀಲು ಜಾರಿದರೂ ಮೊಣಕೈ ಹೀಗೆಯೇ ಊದಿ ವಿಕಾರವಾಗುತ್ತದೆ. ಎಕ್ಸ್‌ರೇ ತೆಗೆಯುವ ಮೊದಲೇ ವೈದ್ಯನ ಬೆರಳುಗಳು ಆ ತ್ರಿಭುಜವನ್ನು ಹುಡುಕುವುದು ಇದಕ್ಕಾಗಿ. ಮುರಿತವು ಮೂರು ಬಿಂದುಗಳಿಗಿಂತ ಮೇಲಿರುವುದರಿಂದ ತ್ರಿಭುಜ ಕೆಡದು. ಕೀಲು ಜಾರಿದ್ದರೆ ಕೆಟ್ಟಿರುತ್ತದೆ.

ಇಂತಹ ಕೈಯನ್ನು ಎಳೆದು, ಎಣ್ಣೆ ತಿಕ್ಕಿ, ಬಿದಿರಿನ ದಬ್ಬೆಯಿಟ್ಟು ಬಿಗಿಯುವುದು ಅಪಾಯಕರ. ಮುರಿದ ಮೂಳೆಯ ಮುಂದೆಯೇ ಮುಂಗೈಗೆ ರಕ್ತವನ್ನೊಯ್ಯುವ ಧಮನಿ ಹಾಯುತ್ತದೆ. ಅದು ಒತ್ತಿಹೋದರೆ, ಅಥವಾ ಬಿಗಿಕಟ್ಟಿನ ಕೆಳಗೆ ಊತ ಹೆಚ್ಚಿದರೆ, ಕೆಲವೇ ಗಂಟೆಗಳಲ್ಲಿ ಸ್ನಾಯುಗಳು ಸತ್ತು ಬೆರಳುಗಳು ಶಾಶ್ವತವಾಗಿ ಮುದುಡುತ್ತವೆ. ಜರ್ಮನಿಯ ಶಸ್ತ್ರವೈದ್ಯ ಫೋಲ್ಕ್‌ಮಾನ್ 1881ರಲ್ಲಿ ಇದನ್ನು ವರ್ಣಿಸಿದನು. ಬೆರಳುಗಳನ್ನು ನೇರವಾಗಿಸುವಾಗ ಸಹಿಸಲಾರದ ನೋವು, ಬಿಳಿಚಿ ತಣ್ಣಗಾದ ಬೆರಳು, ಇವು ಕಂಡಲ್ಲಿ ಕಟ್ಟನ್ನು ಆ ಕ್ಷಣವೇ ಸಡಿಲಿಸಿ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು.